ಹನೋಯ್ ಸೆರೆಮನೆಯ ರಾತ್ರಿದರ್ಶನ

ಊರು ನೋಡಲು ಬಂದ ಪರಸ್ಥಳದವರಿಗೆ ರಾತ್ರಿಯ ಹೊತ್ತು ಏನನ್ನು ತೋರಿಸಬೇಕೆಂಬ ಪ್ರಶ್ನೆಗೆ ಲೋಕದ ಪಟ್ಟಣಗಳೆಲ್ಲ ಬಹುಮಟ್ಟಿಗೆ ಒಂದೇ ಉತ್ತರವನ್ನು ಕೊಡುತ್ತಿರುವುವು: ದೀಪಾಲಂಕಾರ, ಅಂಗಡಿಬೀದಿ, ಊಟ, ಪಾನ, ಗಾನ. ವಿಯೆಟ್ನಾಮ್ ದೇಶದ ರಾಜಧಾನಿಯಾದ ಹನೋಯ್ ನಗರದಲ್ಲಿಯೂ ಇವುಗಳಿಗೆ ಕೊರತೆಯಿಲ್ಲ. ನಗರದ ನಡುವಣ ಹ್ವಾನ್ ಕಿಯೆಮ್ ಸರೋವರದ ಸುತ್ತಿನ ಬೀದಿಗಳಲ್ಲಿ 2016ರಿಂದ ವಾರದ ಕೊನೆಯ ದಿನಗಳಂದು ವಾಹನಸಂಚಾರವನ್ನು ತಡೆದು, ಜನರು ಮಕ್ಕಳುಮರಿಗಳೊಡನೆ ನಿಶ್ಚಿಂತೆಯಿಂದ ಅಡ್ಡಾಡಲು ಅನುಕೂಲ ಮಾಡಿರುತ್ತಾರೆ. ಮನೆಗಳಿಗೆ ತಾಗಿಕೊಂಡೇ ರೈಲುಹಳಿ ಹಾದಿರುವ ಓಣಿಯೊಂದರಲ್ಲಿ ಕುಳಿತು, ಕಾಫಿ ಕುಡಿಯುತ್ತ, ರೈಲು ಮೈಗೆ ಸೋಕುವಂತೆ ಓಡುವುದನ್ನು ನೋಡುವ ವಿಚಿತ್ರ ವಿನೋದವೂ ಅಲ್ಲುಂಟು. ಅಪಾಯವೆಂದು ಅಧಿಕಾರಿಗಳು 2019ರಲ್ಲಿಯೂ 2022ರಲ್ಲಿಯೂ ಅಲ್ಲಿನ ಅಂಗಡಿಗಳನ್ನು ಮುಚ್ಚಿಸಿದರೂ ಆ ಹುಚ್ಚು ಬಿಟ್ಟಿಲ್ಲ. ಆದರೆ ಅದೇ ನಗರದಲ್ಲಿ, ಆ ಸರೋವರದಿಂದ ನಡೆದು ಹೋಗುವಷ್ಟು ದೂರದಲ್ಲಿಯೇ, ಸಂಜೆಗತ್ತಲಾದ ಮೇಲೆ ಟಿಕೆಟ್ಟು ಹಿಡಿದು ನಿಂತ ಜನರ ಗುಂಪೊಂದು ಮಾರ್ಗದರ್ಶಕನ ಹಿಂದೆ ಸೆರೆಮನೆಯೊಂದರ ಬಾಗಿಲನ್ನು ಹೊಗುತ್ತದೆ. ಆ ಗುಂಪಿನಲ್ಲಿ ಹೆಚ್ಚಿನವರು ಆ ದೇಶದ ಯುವಕ ಯುವತಿಯರೇ ಆಗಿರುತ್ತಾರೆ. ಇಂದು ನಾವು ವಾಚಕರ ಗಮನಕ್ಕೆ ತರಬಯಸುವುದು ಈ ರಾತ್ರಿದರ್ಶನದ ವಿಚಾರವನ್ನು.

ಆ ಸೆರೆಮನೆಯ ಹೆಸರು ಹ್ವಾ ಲೋ. ಫ್ರೆಂಚರು ಇಂಡೋಚೈನಾವನ್ನು ಆಳುತ್ತಿದ್ದ ಕಾಲದಲ್ಲಿ, 1896ರಲ್ಲಿ, ಅದನ್ನು ಕಟ್ಟತೊಡಗಿದರು. ಅದಕ್ಕೆ ಮೊದಲು ಅಲ್ಲಿ ಮಣ್ಣಿನ ಒಲೆಗಳನ್ನು ಮಾಡಿ ಮಾರಿ ಜೀವಿಸುತ್ತಿದ್ದ ಜನರ ಹಳ್ಳಿಯೊಂದಿತ್ತು. ಹಳ್ಳಿಯವರನ್ನು ಎಬ್ಬಿಸಿ, ಆ ನೆಲದ ಮೇಲೆ ನಾಲ್ಕು ಮೀಟರು ಎತ್ತರದ ಕಲ್ಲುಗೋಡೆಯನ್ನು ಏರಿಸಿ, ಅದರ ನೆತ್ತಿಯಲ್ಲಿ ಗಾಜಿನ ಚೂರುಗಳನ್ನೂ ವಿದ್ಯುತ್ತಿನ ತಂತಿಯನ್ನೂ ಇಟ್ಟರು. ಹ್ವಾ ಲೋ ಎಂದರೆ ಬೆಂಕಿಯ ಒಲೆ. ಹಳ್ಳಿ ಹೋದರೂ ಹೆಸರು ಉಳಿಯಿತು. ಮುಂದೆ ಅಲ್ಲಿ ನಡೆದುದನ್ನು ನೋಡಿದರೆ ಆ ಹೆಸರು ಸೆರೆಮನೆಗೇ ಹೆಚ್ಚು ಒಪ್ಪಿತೆನ್ನಬೇಕು. ಫ್ರೆಂಚರು ತಾವಿಟ್ಟ ‘ಮೇಜೋ ಸಾಂತ್ರಾಲ್’, ಎಂದರೆ ಕೇಂದ್ರ ಕಾರಾಗೃಹ, ಎಂಬ ಹೆಸರನ್ನು ಹೆಬ್ಬಾಗಿಲ ಮೇಲೆ ಬರೆಯಿಸಿದ್ದರು. ಅದನ್ನು ಈಗಲೂ ಅಳಿಸಿಲ್ಲ. ಐದುನೂರರೊಳಗಿನ ಮಂದಿಗಾಗಿ ಕಟ್ಟಿದ ಆ ಮನೆಯಲ್ಲಿ ಫ್ರೆಂಚರ ಆಳಿಕೆಯ ಕೊನೆಯ ವರ್ಷಗಳಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಬಂದಿಗಳನ್ನು ತುಂಬಿದ್ದರೆಂದ ಮೇಲೆ, ಅಲ್ಲಿನ ಬಾಳು ಎಂತಹದೆಂಬುದನ್ನು ವಿವರಿಸಬೇಕಾಗಿಲ್ಲ. ಉದ್ದನೆಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಕಾಲಿಗೆ ಕೋಳ ತೊಡಿಸುತ್ತಿದ್ದರು; ತಪ್ಪು ಮಾಡಿದನೆನಿಸಿಕೊಂಡವನನ್ನು ನೆಲವೇ ಇಳಿಜಾರಾಗಿರುವ ಕತ್ತಲೆಕೋಣೆಗೆ ನೂಕುತ್ತಿದ್ದರು. ತಲೆ ಕಡಿಯುವ ಗಿಲೊಟಿನ್ ಯಂತ್ರವನ್ನು ಇಂದಿಗೂ ಅಲ್ಲಿ ಕಾಣಬಹುದು.

ಸೆರೆಮನೆಯನ್ನು ಪಾಠಶಾಲೆಯಾಗಿ ಮಾಡಿಕೊಂಡ ದೇಶಭಕ್ತರ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಹ್ವಾ ಲೋವಿನಲ್ಲಿಯೂ ಹಾಗೆಯೇ ಆಯಿತು. ಓದುಬರಹ ಬಲ್ಲವರು ಬಾರದವರಿಗೆ ಕಲಿಸಿದರು. ಕಾವಲುಗಾರರ ಕಣ್ಣುತಪ್ಪಿಸಿ ಕೈಬರಹದ ಪತ್ರಿಕೆಯನ್ನು ಹೊರಡಿಸಿದರು. ಅಂಗಳದಲ್ಲಿ, ನಮ್ಮ ಊರುಗಳ ಬೀದಿಬದಿಯಲ್ಲಿ ನೆರಳಿಗಾಗಿ ಬೆಳೆಸುವ ಕಾಡುಬಾದಾಮಿಯ ಜಾತಿಯ ಮರವೊಂದಿತ್ತು. ಅದರ ತೊಗಟೆಯೂ ಎಲೆಯೂ ಬಂದಿಗಳಿಗೆ ಔಷಧವಾದುವು, ಕಾಯಿ ಆಹಾರವಾಯಿತು, ಕೊಂಬೆ ಕೊಳಲಾಯಿತು. 1945ರ ಮಾರ್ಚಿಯಲ್ಲಿ ಜಪಾನರು ಫ್ರೆಂಚರನ್ನು ಕೆಡವಿದ ಗೊಂದಲದಲ್ಲಿ ನೂರಕ್ಕೂ ಹೆಚ್ಚು ಮಂದಿ ರಾಜಕೀಯ ಬಂದಿಗಳು ಪಾರಾಗಿ ಹೋದರು. ಅವರಲ್ಲೊಬ್ಬನಾದ ದೋ ಮೂವೊಯ್ 1991ರಲ್ಲಿ ಆ ದೇಶದ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದನು. 1951ರ ಡಿಸೆಂಬರ್ 24ರ ರಾತ್ರಿ, ಒಡೆಯರು ಕ್ರಿಸ್ಮಸ್ ಹಬ್ಬದ ಸಂಭ್ರಮದಲ್ಲಿದ್ದಾಗ, ಮರಣದಂಡನೆಗೆ ಗುರಿಯಾಗಿದ್ದ 16 ಮಂದಿ ಚರಂಡಿಯ ಕಬ್ಬಿಣದ ಸರಳುಗಳನ್ನು ಕುಯ್ದು ಕೊಚ್ಚೆಯಲ್ಲಿ ತೆವಳಿ ಹೊರಬಿದ್ದರು. ಅವರಲ್ಲಿ ಐವರು ಮಾತ್ರ ತಪ್ಪಿಸಿಕೊಂಡರು.

ರಾತ್ರಿದರ್ಶನದಲ್ಲಿ ಮಾರ್ಗದರ್ಶಕನು ಹೇಳುವುದು ಈ ಕಥೆಗಳನ್ನೇ. ದೀಪಗಳನ್ನು ತಗ್ಗಿಸಿರುತ್ತಾರೆ. ಗುಂಪು ಕೋಣೆಯಿಂದ ಕೋಣೆಗೆ ನಡೆಯುತ್ತದೆ. ಬಂದಿಗಳ ವೇಷ ತೊಟ್ಟ ನಟರು ಆ ಕಾಲದ ಕೆಲವು ಪ್ರಸಂಗಗಳನ್ನು ಅಭಿನಯಿಸುತ್ತಾರೆ. ಆ ಮರದ ಎಲೆಯಿಂದ ಕಾಸಿದ ಕಷಾಯವನ್ನು ಬಂದವರಿಗೆ ಕೊಡುತ್ತಾರೆ. ಕೊನೆಗೆ ಎಲ್ಲರೂ ಹುತಾತ್ಮರ ಸ್ಮಾರಕದ ಮುಂದೆ ಊದುಬತ್ತಿ ಹಚ್ಚಿ ಮೌನವಾಗಿ ನಿಲ್ಲುತ್ತಾರೆ. ಈ ಏರ್ಪಾಟಿಗೆ ‘ಪವಿತ್ರ ರಾತ್ರಿ’ ಎಂಬರ್ಥದ ಹೆಸರನ್ನಿಟ್ಟಿದ್ದಾರೆ.

ಇದು ಆರಂಭವಾದುದು 2020ರಲ್ಲಿ. ಆ ವರ್ಷವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. 2019ರಲ್ಲಿ ವಿಯೆಟ್ನಾಮಿಗೆ ಸುಮಾರು 1 ಕೋಟಿ 80 ಲಕ್ಷ ವಿದೇಶೀ ಪ್ರವಾಸಿಗಳು ಬಂದಿದ್ದರು. ಕೊರೋನಾ ವ್ಯಾಧಿಯ ಭೀತಿಯಿಂದ 2020ರ ಮಾರ್ಚಿಯಲ್ಲಿ ಆ ದೇಶವು ತನ್ನ ಬಾಗಿಲುಗಳನ್ನು ಮುಚ್ಚಿತು. ಮತ್ತೆ ಅವು ಪೂರ್ಣವಾಗಿ ತೆರೆದುದು 2022ರ ಮಾರ್ಚಿಯಲ್ಲಿ. ಹೊರಗಿನವನು ಬಾರದಿದ್ದ ಆ ದಿನಗಳಲ್ಲಿ ಹೊಟೇಲುಗಳೂ ಅಂಗಡಿಗಳೂ ಬಿಕೋ ಎನ್ನುತ್ತಿದ್ದಾಗ, ಈ ಸೆರೆಮನೆಯನ್ನು ನೋಡಿಕೊಳ್ಳುವವರು ‘ನಮ್ಮವರಿಗೇ ಏಕೆ ತೋರಿಸಬಾರದು?’ ಎಂದು ಯೋಚಿಸಿದಂತೆ ಕಾಣುತ್ತದೆ. ಆದುದರಿಂದಲೇ ಈ ದರ್ಶನವು ದೇಶಭಾಷೆಯಲ್ಲಿ, ದೇಶದ ಮಕ್ಕಳಿಗಾಗಿ ಹುಟ್ಟಿತು. ಜನರು ತಂಡತಂಡವಾಗಿ ಬಂದರು. ಇತಿಹಾಸವೆಂದರೆ ಪರೀಕ್ಷೆಗಾಗಿ ಉರುಹಚ್ಚತಕ್ಕ ಇಸವಿಗಳ ಪಟ್ಟಿಯೆಂದು ಬೇಸರಪಡುತ್ತಿದ್ದ ತರುಣರು ರಾತ್ರಿಯ ಹೊತ್ತು ಕೈಯಿಂದ ಹಣ ತೆತ್ತು ತಮ್ಮ ಅಜ್ಜಂದಿರ ಸಂಕಟವನ್ನು ಕೇಳಲು ಬಂದರೆಂದರೆ, ಅದು ಸಣ್ಣ ಮಾತಲ್ಲ.

ಆ ಮಾದರಿಯನ್ನು ಬೇರೆಯವರೂ ಅನುಸರಿಸಿದ್ದಾರೆ. 1010ರಲ್ಲಿ ಲೀ ವಂಶದ ಅರಸನು ರಾಜಧಾನಿಯನ್ನಾಗಿ ಮಾಡಿಕೊಂಡ ಥಾಂಗ್ ಲಾಂಗ್ ಕೋಟೆಯಲ್ಲಿ 2021ರಿಂದ ರಾತ್ರಿದರ್ಶನ ನಡೆಯುತ್ತಿದೆ. ಆ ಅರಮನೆಯ ಸಿಂಹಾಸನಮಂದಿರವನ್ನು ಫ್ರೆಂಚರು ಕೆಡವಿ, ತಮ್ಮ ಫಿರಂಗಿಪಡೆಯ ಕಚೇರಿಯನ್ನು ಅಲ್ಲಿ ಕಟ್ಟಿದ್ದರು. 15ನೆಯ ಶತಮಾನದಲ್ಲಿ ಕೆತ್ತಿದ ಕಲ್ಲಿನ ನಾಗಸೋಪಾನವೊಂದು ಮಾತ್ರ ಉಳಿದಿತ್ತು. 2002ರಲ್ಲಿ ಹೊಸ ಶಾಸನಸಭಾ ಭವನಕ್ಕಾಗಿ ನೆಲವನ್ನು ಪರಿಶೀಲಿಸಿ ಅಗೆಯತೊಡಗಿದಾಗ ಒಂದರ ಕೆಳಗೊಂದು ರಾಜವಂಶದ ತಳಹದಿಗಳು ಕಾಣಿಸಿಕೊಂಡುವು; 2010ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಆ ತಳಹದಿಗಳ ಮೇಲೆ ಗಾಜು ಹಾಸಿ, ಅದರ ಮೇಲೆ ಹಿಂದಿನ ಕಾಲದ ನೃತ್ಯವನ್ನು ಆಡಿ ತೋರಿಸುತ್ತಾರೆ. 1070ರಲ್ಲಿ ಸ್ಥಾಪಿತವಾದ ಸಾಹಿತ್ಯಮಂದಿರದಲ್ಲಿ, ಹಿಂದಿನ ಪಂಡಿತಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರುಗಳನ್ನು ಕೆತ್ತಿದ 82 ಶಿಲೆಗಳು ಆಮೆಗಳ ಬೆನ್ನಿನ ಮೇಲೆ ನಿಂತಿರುವ ಆ ಅಂಗಳದಲ್ಲಿ, 2023ರಿಂದ ರಾತ್ರಿಯ ಪ್ರದರ್ಶನವುಂಟು. ಒಂದು ನಗರವು ಹೀಗೆ ತನ್ನ ರಾಜ್ಯವನ್ನೂ ವಿದ್ಯೆಯನ್ನೂ ದಾಸ್ಯವನ್ನೂ ಮೂರು ರಾತ್ರಿಗಳಲ್ಲಿ ತೋರಿಸಬಲ್ಲುದಾದರೆ, ಅಂತಹ ನಗರವನ್ನು ನಾವು ಮೆಚ್ಚಲೇಬೇಕು.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಮೊದಲನೆಯದು, ಪೂರ್ವಜರ ಕಣ್ಣೀರನ್ನು ಟಿಕೆಟ್ಟಿಗೆ ಮಾರಬಹುದೇ ಎಂಬುದು. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹಣದ ಕೈ ಆ ಸೆರೆಮನೆಯ ಮೇಲೆ ಬಿದ್ದುದು ಈ ರಾತ್ರಿದರ್ಶನದಿಂದಲ್ಲ. 1990ರ ದಶಕದಲ್ಲಿಯೇ ಅದರ ಬಹುಭಾಗವನ್ನು ಕೆಡವಿ, ಆ ನೆಲದಲ್ಲಿ ಕಚೇರಿಗಳೂ ಬಾಡಿಗೆಮನೆಗಳೂ ಇರುವ ಮುಗಿಲೆತ್ತರದ ಕಟ್ಟಡಗಳನ್ನು ಎಬ್ಬಿಸಿದರು. ಹೆಬ್ಬಾಗಿಲ ಕಡೆಯ ಒಂದು ಭಾಗ ಮಾತ್ರ ಸ್ಮಾರಕವಾಗಿ ಉಳಿದಿದೆ. ನೆಲದ ಬೆಲೆಯೊಂದನ್ನೇ ಎಣಿಸುವವರಿಗೆ ಆ ಉಳಿದ ಭಾಗವೂ ದಂಡವಾಗಿಯೇ ತೋರೀತು. ಜನರು ಬಂದು ನೋಡುತ್ತಿರುವವರೆಗೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬಾರದು. ಆದುದರಿಂದ ಟಿಕೆಟ್ಟಿನ ಹಣವನ್ನು ಆ ಗೋಡೆಗೆ ಕೊಡುವ ಕಾವಲಿನ ಕೂಲಿಯೆಂದು ತಿಳಿದರೆ ತಪ್ಪಿಲ್ಲ. ಇನ್ನು ನಟನೆಯ ಮಾತು. ನಮ್ಮ ಹಳ್ಳಿಗಳಲ್ಲಿ ರಾಮಾಯಣ ಮಹಾಭಾರತಗಳು ಜನರ ಎದೆಗಿಳಿದುದು ಬಯಲಾಟದಿಂದಲೂ ಕಥಾಕಾಲಕ್ಷೇಪದಿಂದಲೂ ಅಲ್ಲವೇ? ಭಕ್ತಿಯಿಂದ ಆಡಿದ ಆಟವು ಕಥೆಯನ್ನು ಹಗುರಮಾಡುವುದಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ಕತ್ತಲೆಯಲ್ಲಿ ದೀಪ ಹಿಡಿದು ನಡೆಯುವವನು ತಾನು ತೋರಬಯಸಿದುದರ ಮೇಲೆ ಮಾತ್ರ ಬೆಳಕು ಚೆಲ್ಲುತ್ತಾನೆ. ಹಗಲಿನಲ್ಲಿ ಪ್ರವಾಸಿಯು ತನ್ನ ಕಣ್ಣಿನಿಂದ ಅತ್ತಿತ್ತ ನೋಡಿಯಾನು. ರಾತ್ರಿಯಲ್ಲಿ ಅವನು ಮಾರ್ಗದರ್ಶಕನಿಗೆ ಪೂರ್ತಿಯಾಗಿ ಒಪ್ಪಿಸಿಕೊಂಡಿರುತ್ತಾನೆ. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ನಮ್ಮ ಗಾದೆಯನ್ನು ಇಲ್ಲಿ ಮರೆಯತಕ್ಕದ್ದಲ್ಲ. ಹ್ವಾ ಲೋವಿನ ಕಥೆಯು 1954ರಲ್ಲಿ ಫ್ರೆಂಚರು ಹನೋಯ್ ಬಿಟ್ಟು ಹೋದ ದಿನ ಮುಗಿಯಲಿಲ್ಲ. ಅಮೆರಿಕದವರೊಡನೆ ಯುದ್ಧ ನಡೆದಾಗ, ಕೆಳಗುರುಳಿದ ವಿಮಾನಗಳ ಚಾಲಕರನ್ನು ಅಲ್ಲಿ ಸೆರೆಯಿಟ್ಟಿದ್ದರು. ಆ ಬಂದಿಗಳು ಚೆಂಡಾಡುತ್ತಿದ್ದ, ಹಬ್ಬ ಮಾಡುತ್ತಿದ್ದ ಭಾವಚಿತ್ರಗಳನ್ನು ಈಗ ಗೋಡೆಯ ಮೇಲೆ ತೂಗುಹಾಕಿದ್ದಾರೆ. ಅವರಾದರೋ ಬಿಡುಗಡೆಯಾದ ಮೇಲೆ ಹಗ್ಗದಿಂದ ಕೈ ತಿರುಚಿ ಕಟ್ಟಿದುದನ್ನೂ, ತಿಂಗಳುಗಟ್ಟಲೆ ಒಂಟಿಯಾಗಿರಿಸಿದುದನ್ನೂ, ಬಲಾತ್ಕಾರದಿಂದ ಹೇಳಿಕೆ ಬರೆಯಿಸಿಕೊಂಡುದನ್ನೂ ಹೇಳಿರುತ್ತಾರೆ. ಆ ಚಾಲಕರು ಕೆಡವಿದ ಬಾಂಬುಗಳಿಂದ ಆ ಜನ ಪಟ್ಟ ಪಾಡನ್ನು ನಾವು ಬಲ್ಲೆವು; 1972ರ ಡಿಸೆಂಬರಿನಲ್ಲಿ ಹನೋಯಿಯ ಬಾಕ್ ಮಾಯ್ ಆಸ್ಪತ್ರೆಯೂ ಖಾಮ್ ಥಿಯೆನ್ ಬೀದಿಯ ಮನೆಗಳೂ ನೆಲಸಮವಾದುದನ್ನು ಯಾರು ಮರೆತಾರು? ಆದರೂ ಕೈಗೆ ಸಿಕ್ಕ ಶತ್ರುವನ್ನು ಹಿಂಸಿಸಿದುದು ಅದರಿಂದ ಧರ್ಮವಾಗುವುದಿಲ್ಲ. 1967ರಲ್ಲಿ ಸೆರೆಸಿಕ್ಕಿ ಐದೂವರೆ ವರ್ಷ ಬಂದಿಯಾಗಿದ್ದ ಜಾನ್ ಮೆಕೇನ್ ಎಂಬಾತನು ಮುಂದೆ ತನ್ನ ದೇಶದ ಸೆನೆಟ್ ಸದಸ್ಯನಾಗಿ, 1995ರಲ್ಲಿ ಎರಡು ದೇಶಗಳಿಗೂ ರಾಜತಾಂತ್ರಿಕ ಸಂಬಂಧ ಕೂಡಿಬರುವಂತೆ ಶ್ರಮಿಸಿದನು. ಪೆಟ್ಟು ತಿಂದವನೇ ಸ್ನೇಹಕ್ಕೆ ಕೈ ನೀಡಿದ ಮೇಲೆ, ಪೆಟ್ಟು ಕೊಟ್ಟವರು ಇದ್ದುದನ್ನು ಇದ್ದಂತೆ ಹೇಳುವುದಕ್ಕೆ ಅಂಜಬೇಕಾದುದೇನಿದೆ?

ಶತ್ರುವಿನ ಮಾತು ಹಾಗಿರಲಿ. ಸ್ವಂತ ಮಗನ ಮಾತೇನು? ನ್ಗುಯೆನ್ ಚಿ ಥಿಯೆನ್ ಎಂಬ ಹನೋಯಿಯ ಕವಿಯೊಬ್ಬನಿದ್ದನು. 1960ರಲ್ಲಿ ಆತನು ಒಂದು ತರಗತಿಯಲ್ಲಿ ಪಾಠ ಹೇಳುತ್ತ, ಜಪಾನು ಶರಣಾದುದು ಅಮೆರಿಕದ ಅಣುಬಾಂಬಿನಿಂದಲೇ ಹೊರತು ಪಠ್ಯಪುಸ್ತಕದಲ್ಲಿರುವಂತೆ ರಷ್ಯದ ಸೈನ್ಯದಿಂದಲ್ಲವೆಂದು ಹೇಳಿದುದಕ್ಕಾಗಿ ಸೆರೆಗೆ ಹೋದನು. ಕಾಗದ ಲೇಖನಿಗಳಿಲ್ಲದ ಸೆರೆಯಲ್ಲಿ ಪದ್ಯಗಳನ್ನು ಮನಸ್ಸಿನಲ್ಲಿಯೇ ಕಟ್ಟಿ, ನೆನಪಿನಲ್ಲಿಯೇ ಕಾಪಾಡಿದನು. 1979ರಲ್ಲಿ, ನಡುವೆ ಬಿಡುಗಡೆಯಾಗಿದ್ದಾಗ, ಅವುಗಳನ್ನು ಬರೆದು ಬ್ರಿಟಿಷ್ ರಾಯಭಾರಿಯ ಕಚೇರಿಗೆ ನುಗ್ಗಿ ಒಪ್ಪಿಸಿದನು. ಬಾಗಿಲಿನಿಂದ ಹೊರಬಿದ್ದೊಡನೆ ಹಿಡಿದು ಆತನನ್ನು ಇಟ್ಟುದೆಲ್ಲಿ? ಇದೇ ಹ್ವಾ ಲೋವಿನಲ್ಲಿ. ಆರು ವರ್ಷಗಳ ಕಾಲ. ಆತನು ಒಟ್ಟು ಅನುಭವಿಸಿದ ಸೆರೆವಾಸವು 27 ವರ್ಷ. ಆ ಪದ್ಯಗಳು ‘ನರಕದ ಹೂಗಳು’ ಎಂಬರ್ಥದ ಹೆಸರಿನಿಂದ ಹೊರದೇಶಗಳಲ್ಲಿ ಪ್ರಕಟವಾದುವು. ಆತನು 2012ರಲ್ಲಿ ಅಮೆರಿಕದಲ್ಲಿ ತೀರಿಕೊಂಡನು. ಫ್ರೆಂಚರ ಸೆರೆಯಲ್ಲಿ ಗುಟ್ಟಾಗಿ ಪತ್ರಿಕೆ ಬರೆದವರನ್ನು ವೀರರೆನ್ನುವ ಮಾರ್ಗದರ್ಶಕನು, ಸ್ವದೇಶೀಯರ ಸೆರೆಯಲ್ಲಿ ಗುಟ್ಟಾಗಿ ಕವಿತೆ ಕಟ್ಟಿದವನ ಕೋಣೆಗೆ ಎಂದು ದೀಪ ಹಿಡಿದಾನು? ಅದೇ ಗೋಡೆ, ಅದೇ ಕಬ್ಬಿಣ; ಬೀಗದ ಕೈ ಮಾತ್ರ ಬೇರೆಯವರ ಸೊಂಟಕ್ಕೆ ಹೋಗಿತ್ತು.

ನಾವು ಹೇಳತಕ್ಕ ಮಾತು ಇದೇ ಆಗಿರುತ್ತದೆ. ಪರಕೀಯರು ಮಾಡಿದ ಅನ್ಯಾಯವನ್ನು ಮಕ್ಕಳಿಗೆ ತೋರಿಸುವುದು ಸ್ವತಂತ್ರ ರಾಷ್ಟ್ರದ ಮೊದಲ ಪಾಠ. ತಾನೇ ಮಾಡಿದ ಅನ್ಯಾಯವನ್ನು ತೋರಿಸುವುದು ಎರಡನೆಯ ಪಾಠ. ಮೊದಲನೆಯದರಿಂದ ಅಭಿಮಾನ ಹುಟ್ಟುತ್ತದೆ, ಎರಡನೆಯದರಿಂದ ವಿವೇಕ ಹುಟ್ಟುತ್ತದೆ. ವಿವೇಕವಿಲ್ಲದ ಅಭಿಮಾನವು ಒಂದಲ್ಲ ಒಂದು ದಿನ ಹಳೆಯ ಸೆರೆಮನೆಗೆ ಹೊಸ ಬಂದಿಗಳನ್ನು ಹುಡುಕಿ ತರುವುದು. ವಿಯೆಟ್ನಾಮಿನವರು ಮೊದಲನೆಯ ಪಾಠವನ್ನು ಬಹಳ ಚೆನ್ನಾಗಿ ಹೇಳುತ್ತಿದ್ದಾರೆ. ಎರಡನೆಯದನ್ನು ಇನ್ನೂ ಆರಂಭಿಸಿಲ್ಲ.

ಹೀಗೆ ಪರರಿಗೆ ಬುದ್ಧಿ ಹೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಾದುದು ನ್ಯಾಯ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಿಂದ ‘ಫ್ರೀಡಂ ಪಾರ್ಕ್’ ಎಂಬ ಉದ್ಯಾನವಾಗಿರುವುದನ್ನು ವಾಚಕರು ಬಲ್ಲರು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸ್ವಾತಂತ್ರ್ಯದ ಯೋಧರಿದ್ದರು. ಆದರೆ 1975ರಲ್ಲಿ ತುರ್ತುಪರಿಸ್ಥಿತಿಯನ್ನು ಸಾರಿದಾಗ ಅದೇ ಕೋಣೆಗಳಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಕೂಡಿಹಾಕಿದವರು ಬ್ರಿಟಿಷರಲ್ಲ. ‘ಸಂಸ್ಕಾರ’ ಚಲನಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಅಲ್ಲಿಯೇ ಇರಿಸಿದರು. ಆಸ್ತಮಾ ರೋಗದಿಂದ ನರಳುತ್ತಿದ್ದ ಆಕೆ 1977ರ ಜನವರಿಯಲ್ಲಿ ಹೊರಬಂದು, ವಾರ ತುಂಬುವುದರೊಳಗೆ ತೀರಿಕೊಂಡರು. ಸಂಜೆ ಆ ಉದ್ಯಾನದಲ್ಲಿ ತಿರುಗಾಡುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿದೆ? ನಮ್ಮಲ್ಲಿ ಒಂದು ವ್ಯತ್ಯಾಸವುಂಟು: ಈ ಮಾತನ್ನು ಇಲ್ಲಿ ಬಹಿರಂಗವಾಗಿ ಬರೆಯಬಹುದು, ಅಚ್ಚುಹಾಕಬಹುದು, ಎಷ್ಟೋ ಜನ ಬರೆದೂ ಇದ್ದಾರೆ. ಆದರೆ ಬರೆಯುವ ಹಕ್ಕಿದ್ದೂ ತೋರಿಸುವ ಶ್ರದ್ಧೆಯಿಲ್ಲದಿದ್ದರೆ ಫಲವೇನು? ತೋರಿಸುವ ಶ್ರದ್ಧೆಯನ್ನು ನಾವು ಹನೋಯಿಯಿಂದ ಕಲಿಯಬೇಕು; ಎಲ್ಲವನ್ನೂ ಹೇಳುವ ಧೈರ್ಯವನ್ನು ಹನೋಯ್ ಇನ್ನೂ ಕಲಿಯಬೇಕು.

ಈಚಿನ ವರ್ಷಗಳಲ್ಲಿ ನಮ್ಮ ದೇಶದಿಂದ ವಿಯೆಟ್ನಾಮಿಗೆ ಹೋಗುವವರ ಸಂಖ್ಯೆ ಬಹಳವಾಗಿ ಬೆಳೆದಿದೆ. 2024ರಲ್ಲಿ ಸುಮಾರು ಐದು ಲಕ್ಷ ಮಂದಿ ಹೋಗಿಬಂದರು. ಅವರಲ್ಲಿ ನಮ್ಮ ವಾಚಕರೂ, ವಾಚಕರ ಮಕ್ಕಳೂ ಇರಬಹುದು. ಅವರು ಸರೋವರದ ದಡದಲ್ಲಿ ಅಡ್ಡಾಡಲಿ, ಬೇಕಾದುದನ್ನು ಕೊಳ್ಳಲಿ, ನಮಗೆ ಬೇಸರವಿಲ್ಲ. ಆದರೆ ಒಂದು ಸಂಜೆಯನ್ನು ಹ್ವಾ ಲೋವಿಗಾಗಿ ಮೀಸಲಿಡಬೇಕೆಂದು ನಮ್ಮ ಸೂಚನೆ. ಫ್ರೆಂಚರು ಹೊರಟ ಒಂದು ವಾರಕ್ಕೆ, 1954ರ ಅಕ್ಟೋಬರಿನಲ್ಲಿ, ಹನೋಯಿಗೆ ಹೋದ ನಮ್ಮ ಪ್ರಧಾನಮಂತ್ರಿ ನೆಹರೂ ಅವರು ತಾವೂ ಸುಮಾರು ಒಂಬತ್ತು ವರ್ಷ ಸೆರೆಯಲ್ಲಿದ್ದು ಬಂದವರಾಗಿದ್ದರು. ಆ ಗೋಡೆಯ ಅರ್ಥವನ್ನು ಭಾರತೀಯನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋದವರು ಮಾರ್ಗದರ್ಶಕನ ಮಾತನ್ನು ಗೌರವದಿಂದ ಕೇಳಲಿ, ಸ್ಮಾರಕದ ಮುಂದೆ ಊದುಬತ್ತಿಯನ್ನು ಹಚ್ಚಲಿ. ಆಮೇಲೆ ವಿನಯದಿಂದ ಒಂದೇ ಒಂದು ಪ್ರಶ್ನೆಯನ್ನು ಕೇಳಲಿ: ‘1954ರ ಮೇಲೆ ಇಲ್ಲಿ ನಿಮ್ಮವರೇ ಯಾರು ಯಾರು ಇದ್ದರು?’ ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಪಕ್ಕದಲ್ಲಿ ನಿಂತ ಆ ದೇಶದ ತರುಣನು ಪ್ರಶ್ನೆಯನ್ನಂತೂ ಕೇಳಿಸಿಕೊಂಡಿರುತ್ತಾನೆ. ಊರಿಗೆ ಬಂದ ಮೇಲೆ ಅದೇ ಪ್ರಶ್ನೆಯನ್ನು, 1947ರ ಇಸವಿಯನ್ನು ಹಾಕಿ, ನಮ್ಮ ಸ್ಮಾರಕಗಳನ್ನು ನೋಡಿಕೊಳ್ಳುವ ಅಧಿಕಾರಿಗಳನ್ನೂ ಕೇಳತಕ್ಕದ್ದು.